ವಾಹನದ ಬೆಲೆ ಮತ್ತು ವ್ಯಾಪಾರದ ಅಮಾನತ್

ಮದ್ರಸದ ಮೇಲಿನ ತರಗತಿಗಳಲ್ಲಿ ಆರಾಧನೆಗಳ ಅಧ್ಯಾಯ ಮುಗಿದೊಡನೆ ಕ್ರಯವಿಕ್ರಯಗಳ ಅಧ್ಯಾಯ ಆರಂಭವಾಗುತ್ತದೆ. ನಮಾಝ್, ಝಕಾತ್, ಉಪವಾಸ ಮತ್ತು ಹಜ್ಜ್‌ನ ವಿಧಿಗಳನ್ನು ಕಲಿತ ವಿದ್ಯಾರ್ಥಿ ಅದೇ ಗ್ರಂಥದ ಮುಂದಿನ ಪುಟಗಳಲ್ಲಿ ಒಂಟೆ, ಆಡು, ಗೋಧಿ ಮತ್ತು ಖರ್ಜೂರದ ಸಂತೆಗೆ ಬಂದು ನಿಲ್ಲುತ್ತಾನೆ. ಒಂಟೆಯನ್ನು ಕಣ್ಣಾರೆ ಕಾಣದ ನಮಗೆ ಈ ಪಾಠವೇಕೆ ಎಂದು ಮಕ್ಕಳು ಕೇಳುವುದುಂಟು. ಅವರ ಪ್ರಶ್ನೆ ಸಹಜವಾದದ್ದೇ. ಆದರೆ ಆರಾಧನೆಯ ಬೆನ್ನಿಗೇ ವ್ಯಾಪಾರವನ್ನಿಟ್ಟ ನಮ್ಮ ಪೂರ್ವಿಕ ವಿದ್ವಾಂಸರಿಗೆ ಒಂದು ಸತ್ಯ ತಿಳಿದಿತ್ತು. ಮನುಷ್ಯನ ಧರ್ಮನಿಷ್ಠೆಯು ಮಸೀದಿಯ ಸಾಲಿನಲ್ಲಿ ರೂಪುಗೊಳ್ಳುತ್ತದೆ, ಮಾರುಕಟ್ಟೆಯಲ್ಲಿ ಪರೀಕ್ಷೆಗೊಳಗಾಗುತ್ತದೆ.

ಅಂದಿನ ಸಂತೆಯಲ್ಲಿ ಸವಾರಿಯ ಪ್ರಾಣಿಗೆ ಇದ್ದ ಸ್ಥಾನ ಇಂದು ಕಾರು ಮತ್ತು ಬೈಕುಗಳಿಗೆ ದೊರೆತಿದೆ. ಮಧ್ಯಮ ವರ್ಗದ ಕುಟುಂಬವೊಂದು ಮನೆಯ ಬಳಿಕ ಅತಿ ದೊಡ್ಡ ಮೊತ್ತವನ್ನು ವ್ಯಯಿಸುವುದು ವಾಹನಕ್ಕೆ. ನಮ್ಮ ಕರಾವಳಿಯ ಮನೆಗಳಲ್ಲಿ ಆ ಮೊತ್ತದ ಹಿಂದೆ ಮರುಭೂಮಿಯ ದುಡಿಮೆಯ ವರ್ಷಗಳಿರುತ್ತವೆ, ಮನೆಯೊಡತಿಯ ಬಳೆಗಳಿರುತ್ತವೆ, ತಿಂಗಳು ತಿಂಗಳು ಕಟ್ಟಿದ ಚೀಟಿಯ ಹಣವಿರುತ್ತದೆ. ಬಂದರಿನಲ್ಲಿ ಬಂಗುಡೆಯ ಕಿವಿರು ಬಿಡಿಸಿ ನೋಡಿ, ನಾಲ್ಕು ಬುಟ್ಟಿಗಳ ಬೆಲೆ ವಿಚಾರಿಸಿ ಕೊಳ್ಳುವವರು ನಾವು. ಅದೇ ನಾವು ಹವಾನಿಯಂತ್ರಿತ ಶೋರೂಮಿನ ಮೆತ್ತನೆಯ ಆಸನದಲ್ಲಿ ಕುಳಿತು, ಕೈಗಿತ್ತ ಜ್ಯೂಸ್ ಕುಡಿಯುತ್ತಾ, ತೋರಿಸಿದಲ್ಲೆಲ್ಲಾ ಸಹಿ ಹಾಕಿ ಎದ್ದು ಬರುತ್ತೇವೆ. ಈ ವೈಚಿತ್ರ್ಯವನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಅಗತ್ಯವೆನಿಸಿದೆ.

ಬೆಲೆ ಯಾವುದು?

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ವ್ಯಾಪಾರ ಸಿಂಧುವಾಗಲು ಬೆಲೆ ಸ್ಪಷ್ಟವಾಗಿರಬೇಕು. ಬೆಲೆಯಲ್ಲಿ ಅಥವಾ ವಸ್ತುವಿನಲ್ಲಿ ಅಸ್ಪಷ್ಟತೆಯಿದ್ದರೆ ಅದನ್ನು ‘ಗರರ್’ ಎನ್ನುತ್ತಾರೆ. ಪ್ರವಾದಿ ಮುಹಮ್ಮದ್(ಸ) ಅಂತಹ ವ್ಯಾಪಾರವನ್ನು ನಿಷೇಧಿಸಿದ್ದಾರೆ. ಈ ಮಾನದಂಡವನ್ನು ಕೈಯಲ್ಲಿ ಹಿಡಿದು ಶೋರೂಮಿನ ಒಂದು ಕೊಟೇಶನ್ ಹಾಳೆಯನ್ನು ಓದಿ ನೋಡೋಣ.

ಜಾಹೀರಾತಿನಲ್ಲಿ ಕಾಣುವುದು ಎಕ್ಸ್-ಶೋರೂಮ್ ಬೆಲೆ. ಜಿಎಸ್‌ಟಿ ಅದರಲ್ಲಿಯೇ ಸೇರಿರುತ್ತದೆ. ವಾಹನ ರಸ್ತೆಗಿಳಿಯುವಾಗ ನಾವು ತೆರುವುದು ಆನ್-ರೋಡ್ ಬೆಲೆ. ಇವೆರಡರ ನಡುವಿನ ಅಂತರದಲ್ಲಿ ಕಾನೂನಿನಂತೆ ಕೊಡಲೇಬೇಕಾದ ಮೊತ್ತಗಳಿವೆ. ಕರ್ನಾಟಕದಲ್ಲಿ ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17 ಮತ್ತು ಅದಕ್ಕೂ ಮೇಲ್ಪಟ್ಟರೆ ಶೇ. 18ರಂತೆ ಜೀವಿತಾವಧಿಯ ರಸ್ತೆ ತೆರಿಗೆಯಿದೆ. ಅದರ ಮೇಲೆ ಸೆಸ್ ಬೇರೆ. ಅಂದರೆ 9 ಲಕ್ಷದ ಕಾರಿಗೆ ಸೆಸ್ ಬಿಟ್ಟೇ 1,26,000 ರೂಪಾಯಿ ತೆರಿಗೆಯಾಗುತ್ತದೆ. ನೋಂದಣಿ ಶುಲ್ಕ, ಫಾಸ್ಟ್ಯಾಗ್ ಮತ್ತು ಕಡ್ಡಾಯ ವಿಮೆಗಳೂ ಇದೇ ಗುಂಪಿಗೆ ಸೇರುತ್ತವೆ. 10 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ವಾಹನಕ್ಕೆ ಶೇ. 1ರಷ್ಟು ಟಿಸಿಎಸ್ ಎಂದು ಪಡೆಯುತ್ತಾರೆ. ಅದು ನಮ್ಮ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಸಂದಾಯವಾಗುವ ಹಣ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ನಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆ ಬರದಿದ್ದರೆ ಮರಳಿ ಪಡೆಯಬಹುದು. ಇದನ್ನರಿಯದೆ ಆ ಹಣವನ್ನು ಹಾಗೆಯೇ ಬಿಟ್ಟವರನ್ನು ನಾವು ಕಂಡಿದ್ದೇವೆ.

ಇನ್ನು ಎರಡನೆಯ ಗುಂಪು. ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ‘ಎಸೆನ್ಷಿಯಲ್ ಕಿಟ್’, ಅಡಿಹಾಸು, ಸೀಟು ಕವರು, ಟೆಫ್ಲಾನ್ ಲೇಪನ, ವಿಸ್ತೃತ ವಾರಂಟಿ, ರಸ್ತೆಬದಿ ನೆರವು. ಹಾಳೆಯಲ್ಲಿ ಇವು ತೆರಿಗೆಯ ಸಾಲುಗಳೊಂದಿಗೆ ಒಂದೇ ಅಕ್ಷರಗಾತ್ರದಲ್ಲಿ, ಒಂದೇ ಪಟ್ಟಿಯಲ್ಲಿ ಕುಳಿತಿರುತ್ತವೆ. ಅವೂ ಸರಕಾರದ್ದೇ ಎಂದು ಭಾವಿಸಿ ಗ್ರಾಹಕ ಹಣ ಕೊಡುತ್ತಾನೆ. ಹ್ಯಾಂಡ್ಲಿಂಗ್ ಚಾರ್ಜ್ ಎಂಬುದು ಯಾವ ಸರಕಾರದ ತೆರಿಗೆಯೂ ಅಲ್ಲ. ಉಳಿದವು ಬೇಕಿದ್ದರೆ ಕೊಳ್ಳಬಹುದಾದ ವಸ್ತುಗಳು ಮತ್ತು ಸೇವೆಗಳು. ಕೆಲವು ಉಪಯುಕ್ತವೂ ಹೌದು. ಹತ್ತು ವರ್ಷ ಒಂದೇ ವಾಹನವನ್ನು ಓಡಿಸುವವನಿಗೆ ವಿಸ್ತೃತ ವಾರಂಟಿ ನಷ್ಟದ ಬಾಬತ್ತೇನಲ್ಲ. ಆದರೆ ಉಪಯುಕ್ತವಾದುದು ಬೇರೆ, ಕಡ್ಡಾಯವಾದುದು ಬೇರೆ. ಒಂದನ್ನು ಇನ್ನೊಂದರ ವೇಷದಲ್ಲಿ ಮಾರುವುದು ಮೋಸ.

ಒಂದು ವಸ್ತುವನ್ನು ಕೊಡಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ವಿಧಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಒಂದು ವ್ಯಾಪಾರದೊಳಗೆ ಇನ್ನೊಂದು ವ್ಯಾಪಾರವನ್ನು ತೂರಿಸುವುದನ್ನು ಪ್ರವಾದಿ(ಸ) ತಡೆದಿದ್ದಾರೆಂದು ಹದೀಸ್‌ಗಳಲ್ಲಿ ಬಂದಿದೆ. ಅದರ ವ್ಯಾಪ್ತಿ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ವಿವರವಾದ ಚರ್ಚೆಯಿದೆ. ಆದರೆ ಕೊಳ್ಳುವವನ ಸಮ್ಮತಿಯು ಒತ್ತಡವಿಲ್ಲದ ಸಮ್ಮತಿಯಾಗಿರಬೇಕು ಎಂಬುದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ವಿಮೆ ಯಾರ ಆಯ್ಕೆ?

ವಿಮೆಯ ಕುರಿತಾದ ಶರೀಅತ್ ಚರ್ಚೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯಂತೆ ಮೂರನೇ ವ್ಯಕ್ತಿಯ ವಿಮೆಯಿಲ್ಲದೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷಗಳ ಮತ್ತು ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಮೂರನೇ ವ್ಯಕ್ತಿಯ ವಿಮೆಯನ್ನು ಒಮ್ಮೆಗೇ ಪಡೆಯಬೇಕಾಗಿದೆ. ಸ್ವಂತ ವಾಹನದ ಹಾನಿಗೆ ಮಾಡಿಸುವ ವಿಮೆಯನ್ನಾಗಲಿ, ‘ಝೀರೋ ಡೆಪ್ರಿಸಿಯೇಷನ್’ ಮೊದಲಾದ ಹೆಚ್ಚುವರಿ ರಕ್ಷಣೆಗಳನ್ನಾಗಲಿ ಕಾನೂನು ಕಡ್ಡಾಯಗೊಳಿಸಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವ ಬೀದಿಯಲ್ಲಿ ವಾಸಿಸುವವನು ಇಂಜಿನ್ ರಕ್ಷಣೆಯ ಬಗ್ಗೆ ಯೋಚಿಸುವುದು ವಿವೇಕ. ಆದರೆ ಅದನ್ನು ಯೋಚಿಸಬೇಕಾದವನು ಅವನೇ.

ಯಾವ ಕಂಪೆನಿಯಿಂದ, ಯಾರ ಮೂಲಕ ವಿಮೆ ಪಡೆಯಬೇಕು ಎಂಬುದೂ ವಾಹನದ ಮಾಲಕನ ಆಯ್ಕೆಯೇ. ವಾಹನ ವಿತರಕರು ವಿಮೆ ಮಾರುವ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ತಮ್ಮಲ್ಲಿಯೇ ವಿಮೆ ಮಾಡಿಸಬೇಕೆಂದು ಗ್ರಾಹಕನನ್ನು ಒತ್ತಾಯಿಸಲು ಅದರಲ್ಲಿ ಅವಕಾಶವಿಲ್ಲ. ಹೊರಗೆ ವಿಮೆ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗುವುದಿಲ್ಲ ಎಂಬ ಮಾತನ್ನು ಕೇಳಿ ಹಲವರು ಹೆದರುತ್ತಾರೆ. ಕ್ಯಾಶ್‌ಲೆಸ್ ಸೌಲಭ್ಯವು ವಿಮಾ ಕಂಪೆನಿ ಮತ್ತು ಗ್ಯಾರೇಜಿನ ನಡುವಿನ ಒಪ್ಪಂದವನ್ನು ಅವಲಂಬಿಸಿದೆ. ತಾನು ಆಯ್ಕೆ ಮಾಡುವ ಕಂಪೆನಿಯ ಗ್ಯಾರೇಜ್ ಪಟ್ಟಿಯನ್ನು ನೋಡಿಕೊಂಡರೆ ಆ ಹೆದರಿಕೆಗೆ ಆಸ್ಪದವಿಲ್ಲ. ಹಳೆಯ ವಾಹನದ ನೋ ಕ್ಲೇಮ್ ಬೋನಸ್ ವಾಹನಕ್ಕಲ್ಲ, ಮಾಲಕನಿಗೆ ಸೇರಿದ್ದು. ಗರಿಷ್ಠ ಶೇ. 50ರವರೆಗಿನ ಈ ರಿಯಾಯಿತಿಯನ್ನು ಹೊಸ ವಾಹನದ ಸ್ವಂತ ಹಾನಿ ವಿಮೆಗೆ ವರ್ಗಾಯಿಸಿಕೊಳ್ಳಬಹುದು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವವರಿಗೆ ಈ ಮಾತನ್ನು ಎದುರಿಗೆ ಕುಳಿತವರು ತಾವಾಗಿ ಹೇಳುವುದು ಅಪರೂಪ.

ಮುಚ್ಚಿಟ್ಟ ಕುಂದು

ಅರೇಬಿಯಾದ ಸಂತೆಯಲ್ಲಿ ಒಂದು ತಂತ್ರವಿತ್ತು. ಮಾರುವ ಒಂಟೆಯ ಅಥವಾ ಆಡಿನ ಹಾಲನ್ನು ಕೆಲವು ದಿನ ಕರೆಯದೆ ಬಿಡುತ್ತಿದ್ದರು. ಕೆಚ್ಚಲು ತುಂಬಿ ಬಾಗಿದ ಪ್ರಾಣಿಯನ್ನು ನೋಡಿದ ಗಿರಾಕಿ ಬಹಳ ಹಾಲು ಕೊಡುವ ತಳಿಯೆಂದು ನಂಬಿ ಹೆಚ್ಚಿನ ಬೆಲೆ ಕೊಡುತ್ತಿದ್ದ. ಪ್ರವಾದಿ(ಸ) ಇದನ್ನು ನಿಷೇಧಿಸಿದ್ದಲ್ಲದೆ, ಹೀಗೆ ಮೋಸಹೋದವನಿಗೆ ಪ್ರಾಣಿಯನ್ನು ಮರಳಿಸುವ ಹಕ್ಕನ್ನೂ ಕೊಟ್ಟರು. ಕರೆದುಕೊಂಡ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕೆಂದು ವಿಧಿಸಿ ಮಾರಿದವನ ಹಕ್ಕನ್ನೂ ಕಾಪಾಡಿದರು. ಹಳೆಯ ಕಾರಿನ ಕಿಲೋಮೀಟರ್ ಅಂಕಿಯನ್ನು ಹಿಂದಕ್ಕೆ ತಿರುಗಿಸುವವನು, ಅಪಘಾತದ ಗಾಯಕ್ಕೆ ಬಣ್ಣ ಬಳಿದು ಹೊಳಪು ಕೊಡುವವನು ಮಾಡುವುದು ಇದೇ ತುಂಬಿದ ಕೆಚ್ಚಲಿನ ವ್ಯಾಪಾರ. ಸೆಕೆಂಡ್ ಹ್ಯಾಂಡ್ ವಾಹನಗಳ ವ್ಯವಹಾರದಲ್ಲಿ ನಮ್ಮ ಸಮುದಾಯದವರು ಬಹಳ ಸಂಖ್ಯೆಯಲ್ಲಿದ್ದಾರೆ. ಈ ಪಾಠವನ್ನು ಮದ್ರಸದಲ್ಲಿ ಓದಿದವರೂ ಅವರಲ್ಲಿದ್ದಾರೆ.

ಹೊಸ ವಾಹನದಲ್ಲಿಯೂ ಕುಂದು ಮುಚ್ಚಿಡಲು ಸಾಧ್ಯವಿದೆ. ಕಳೆದ ವರ್ಷ ತಯಾರಾಗಿ ಯಾರ್ಡಿನ ಬಿಸಿಲುಮಳೆಯಲ್ಲಿ ನಿಂತದ್ದನ್ನು ಈ ವರ್ಷದ್ದೆಂದು ನಂಬಿಸಬಹುದು. ಗೋವಾದ ಗ್ರಾಹಕರೊಬ್ಬರು 2011ರ ಮಾದರಿಯ ಕಾರಿಗೆ ಹಣ ಕೊಟ್ಟರು. ಅವರಿಗಾಗಿ ನೋಂದಣಿಗೊಂಡದ್ದು 2009ರ ಮಾದರಿಯ, ಅದಾಗಲೇ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿದ್ದ ಕಾರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರಲ್ಲಿ ತೀರ್ಪು ಬಂತು. ವಿತರಕನ ತಪ್ಪಿಗೆ ತಯಾರಕ ಕಂಪೆನಿಯನ್ನು ಹೊಣೆಯಾಗಿಸಲು ಆ ಪ್ರಕರಣದಲ್ಲಿ ಆಧಾರವಿಲ್ಲವೆಂದೂ ಹೊಣೆ ವಿತರಕನದ್ದೆಂದೂ ನ್ಯಾಯಾಲಯ ಹೇಳಿತು. ಇದರಿಂದ ನಾವು ಕಲಿಯಬೇಕಾದುದೇನೆಂದರೆ, ಬಾಗಿಲ ಮೇಲಿನ ದೊಡ್ಡ ಕಂಪೆನಿಯ ಹೆಸರನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ನಮ್ಮ ಮುಂದೆ ಕುಳಿತು ವ್ಯವಹರಿಸುವವನು ವಿತರಕ. ಪೂರ್ತಿ ಹಣ ಕೊಡುವ ಮೊದಲೇ ವಾಹನವನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು, ಚಾಸಿ ಸಂಖ್ಯೆಯನ್ನು ಬರೆದುಕೊಳ್ಳಬೇಕು, ಓಡೋಮೀಟರ್ ನೋಡಬೇಕು. ತಯಾರಾದ ತಿಂಗಳು ಮತ್ತು ವರ್ಷವನ್ನು ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ನಮೂದಿಸಬೇಕಾಗಿರುವುದರಿಂದ ಅದನ್ನು ಮುಂಚಿತವಾಗಿಯೇ ಕೇಳಿ ತಿಳಿದುಕೊಳ್ಳಬೇಕು. ಹಳೆಯ ದಾಸ್ತಾನನ್ನು ಹಳೆಯದೆಂದೇ ಹೇಳಿ ಕಡಿಮೆ ಬೆಲೆಗೆ ಕೊಟ್ಟರೆ ಅದು ಒಳ್ಳೆಯ ವ್ಯಾಪಾರ. ಗುರುತಿಸಬೇಕಾದುದು ಮೌನವನ್ನು.

ಪರೀಕ್ಷಾ ಸವಾರಿಯ ಕುರಿತು ಒಂದು ಘಟನೆ ನೆನಪಿಗೆ ಬರುತ್ತದೆ. ಖಲೀಫಾ ಉಮರ್(ರ) ಒಬ್ಬ ಗ್ರಾಮೀಣನಿಂದ ಕೊಳ್ಳುವ ಸಲುವಾಗಿ ಕುದುರೆಯನ್ನು ಪಡೆದು ಸವಾರಿ ಮಾಡಿ ನೋಡಿದರು. ಆಗ ಕುದುರೆಗೆ ಪೆಟ್ಟಾಯಿತು. ಖಲೀಫಾ ಅದನ್ನು ಮರಳಿಸಲು ಬಯಸಿದರು, ಮಾಲಕ ಒಪ್ಪಲಿಲ್ಲ. ಇಬ್ಬರೂ ಶುರೈಹ್ ಎಂಬವರನ್ನು ಪಂಚರನ್ನಾಗಿ ಆರಿಸಿದರು. ಒಂದೋ ಕುದುರೆಯನ್ನು ಇಟ್ಟುಕೊಂಡು ಬೆಲೆ ಕೊಡಬೇಕು, ಇಲ್ಲವೇ ಪಡೆದಾಗ ಹೇಗಿತ್ತೋ ಹಾಗೆಯೇ ಮರಳಿಸಬೇಕು ಎಂದು ಶುರೈಹ್ ಖಲೀಫಾರ ವಿರುದ್ಧ ತೀರ್ಪಿತ್ತರು. ಉಮರ್(ರ) ಕೋಪಿಸಿಕೊಳ್ಳಲಿಲ್ಲ. ಅವರನ್ನೇ ಕೂಫಾದ ನ್ಯಾಯಾಧೀಶರನ್ನಾಗಿ ನೇಮಿಸಿದರು. ಕೊಳ್ಳುವವನು ಆಳುವವನಾದರೂ, ಮಾರುವವನು ಹಳ್ಳಿಗನಾದರೂ ನ್ಯಾಯದ ತಕ್ಕಡಿ ಒಂದೇ. ಇಂದು ಸ್ಥಾನಗಳು ಅದಲುಬದಲಾಗಿ ಮಾರುವವನು ಪ್ರಬಲನೂ ಕೊಳ್ಳುವವನು ದುರ್ಬಲನೂ ಆಗಿರುವಾಗ ಆ ತಕ್ಕಡಿಯ ಅಗತ್ಯ ಇನ್ನಷ್ಟು ಹೆಚ್ಚಿದೆ.

‘ಇಂದೇ ಕೊನೆಯ ದಿನ’

“ಈ ಬೆಲೆ ಇವತ್ತಿಗೆ ಮಾತ್ರ, ನಾಳೆ ಏರುತ್ತದೆ. ಈ ಬಣ್ಣದ ಒಂದೇ ವಾಹನ ಉಳಿದಿದೆ, ಇನ್ನೊಬ್ಬರು ಕೇಳುತ್ತಿದ್ದಾರೆ.” ಈ ಮಾತುಗಳು ನಿಜವಾಗಿದ್ದರೆ ಮಾಹಿತಿ. ಸುಳ್ಳಾಗಿದ್ದರೆ ಅವು ‘ನಜ್‌ಶ್’ ಎಂಬ ಹಳೆಯ ಪಾಪದ ಹತ್ತಿರದ ನೆಂಟರು. ಕೊಳ್ಳುವ ಇರಾದೆಯಿಲ್ಲದವನು ಬೆಲೆಯೇರಿಸಿ ಕೂಗಿ ನಿಜವಾದ ಗಿರಾಕಿಯನ್ನು ಪ್ರಚೋದಿಸುವುದಕ್ಕೆ ನಜ್‌ಶ್ ಎನ್ನುತ್ತಾರೆ. ಇಲ್ಲದ ಇನ್ನೊಬ್ಬ ಗಿರಾಕಿಯನ್ನು ಸೃಷ್ಟಿಸುವುದರ ಉದ್ದೇಶವೂ ಅದೇ.

ಇದಕ್ಕೆ ಇಸ್ಲಾಮ್ ಇತ್ತ ಮದ್ದು ಸಮಯ. ವ್ಯಾಪಾರದಲ್ಲಿ ಮತ್ತೆ ಮತ್ತೆ ಮೋಸಹೋಗುತ್ತಿದ್ದ ಸಹಾಬಿಯೊಬ್ಬರಿಗೆ, ವಂಚನೆಯಿರಕೂಡದೆಂದು ವ್ಯಾಪಾರದ ಹೊತ್ತಿನಲ್ಲಿಯೇ ಹೇಳಿಬಿಡಬೇಕೆಂದು ಪ್ರವಾದಿ(ಸ) ಕಲಿಸಿಕೊಟ್ಟರು. ಅವರಿಗೆ ಮೂರು ದಿನಗಳ ಮರುಚಿಂತನೆಯ ಅವಕಾಶವನ್ನು ಕೊಟ್ಟರೆಂದೂ ವರದಿಗಳಲ್ಲಿದೆ. ‘ಖಿಯಾರ್’ ಎಂಬ ಈ ಆಯ್ಕೆಯ ಹಕ್ಕಿನ ಮೇಲೆ ನಮ್ಮ ಕರ್ಮಶಾಸ್ತ್ರಜ್ಞರು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಶೋರೂಮ್ ಆ ಮೂರು ದಿನಗಳನ್ನು ಕೊಡದಿರಬಹುದು. ಆದರೆ ಮುಂಗಡ ಕಟ್ಟುವ ಮೊದಲು ನಾವೇ ನಮಗೆ ಮೂರು ದಿನಗಳನ್ನು ಕೊಟ್ಟುಕೊಳ್ಳುವುದನ್ನು ಯಾರೂ ತಡೆಯಲಾರರು. ಕೊಟೇಶನ್ ಹಾಳೆಯೊಂದಿಗೆ ಮನೆಗೆ ಬಂದು, ಪತ್ನಿ ಮತ್ತು ಮಕ್ಕಳೊಂದಿಗೆ ಕುಳಿತು ಸಾಲುಸಾಲಾಗಿ ಓದಿದರೆ ಶೋರೂಮಿನ ಬೆಳಕಿನಲ್ಲಿ ಕಾಣದ್ದು ಮನೆಯ ಬೆಳಕಿನಲ್ಲಿ ಕಾಣುತ್ತದೆ. ಮುಂಗಡವನ್ನು ಯಾವ ಸಂದರ್ಭದಲ್ಲಿ ಮರಳಿಸುತ್ತಾರೆ ಎಂಬುದನ್ನೂ ಬರೆಸಿಕೊಳ್ಳಬೇಕು.

ರಿಯಾಯಿತಿ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕೆಲವೊಮ್ಮೆ ರಿಯಾಯಿತಿ ಕೊಡಲು ವಿತರಕನೇ ಸ್ವತಂತ್ರನಾಗಿರುವುದಿಲ್ಲ. ವಿತರಕರು ನಿಗದಿತ ಮಿತಿಗಿಂತ ಹೆಚ್ಚು ರಿಯಾಯಿತಿ ಕೊಡದಂತೆ ತಡೆಯುತ್ತಿತ್ತೆಂಬ ಕಾರಣಕ್ಕೆ 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಮಾರುತಿ ಸುಝುಕಿ ಕಂಪೆನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಗಿರಾಕಿಗಳ ವೇಷದಲ್ಲಿ ಜನರನ್ನು ಕಳುಹಿಸಿ ಹೆಚ್ಚಿನ ರಿಯಾಯಿತಿ ಕೊಡುವ ವಿತರಕರನ್ನು ಪತ್ತೆಹಚ್ಚಿ ದಂಡ ಹಾಕಲಾಗುತ್ತಿತ್ತು ಎಂದು ಆಯೋಗದ ಆದೇಶ ವಿವರಿಸುತ್ತದೆ. ಕಂಪೆನಿ ಈ ಆದೇಶವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಿತು. ಅದೇನೇ ಇರಲಿ, ಒಂದೇ ಕಂಪೆನಿಯ ಎರಡು ಶೋರೂಮ್‌ಗಳು ತಮ್ಮ ತಮ್ಮಲ್ಲಿ ಸ್ಪರ್ಧಿಸಬೇಕೆಂಬುದು ಕಾನೂನಿನ ಆಶಯ. ಎರಡು ಕಡೆ ವಿಚಾರಿಸದೆ ಕೊಳ್ಳುವವನು ಆ ಆಶಯದ ಲಾಭವನ್ನು ಕೈಯಾರೆ ಬಿಟ್ಟುಕೊಡುತ್ತಾನೆ.

ಕಂತು ಮತ್ತು ಬಡ್ಡಿ

ಬಡ್ಡಿ ನಿಷಿದ್ಧವೆಂದು ತಿಳಿಯದವರು ನಮ್ಮಲ್ಲಿಲ್ಲ. ಆದರೂ ವಾಹನದ ಮಾತು ಬಂದಾಗ ಬಡ್ಡಿಯು ಕಂತೆಂಬ ಹೆಸರಿನಲ್ಲಿ ಸದ್ದಿಲ್ಲದೆ ಮನೆಯೊಳಗೆ ಬರುತ್ತದೆ. ಅದರ ಗಾತ್ರವನ್ನಾದರೂ ಅರಿಯೋಣ. 6 ಲಕ್ಷ ರೂಪಾಯಿ ಸಾಲಕ್ಕೆ 5 ವರ್ಷ ಶೇ. 7ರ ‘ಫ್ಲ್ಯಾಟ್’ ದರ ಎಂದರೆ ಕೇಳಲು ಹಗುರವೆನಿಸುತ್ತದೆ. ಬಡ್ಡಿ 2,10,000 ರೂಪಾಯಿ, ಮಾಸಿಕ ಕಂತು 13,500. ಇಲ್ಲಿ ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ 6 ಲಕ್ಷಕ್ಕೆ ಲೆಕ್ಕ ಹಾಕಲಾಗುತ್ತದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಶೇ. 7ಕ್ಕೆ ಆಗುವ ಬಡ್ಡಿ ಸುಮಾರು 1,13,000 ಮಾತ್ರ. ಅಂದರೆ ಫ್ಲ್ಯಾಟ್ ಶೇ. 7 ಎಂಬುದು ನಿಜದಲ್ಲಿ ಶೇ. 12.5ರಷ್ಟು. ಸಾಲದ ಒಟ್ಟು ವೆಚ್ಚವನ್ನು ಒಂದೇ ವಾರ್ಷಿಕ ದರದಲ್ಲಿ ತೋರಿಸುವ ಮುಖ್ಯ ಸಂಗತಿಗಳ ಹೇಳಿಕೆಯನ್ನು ಸಾಲಗಾರನಿಗೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಕಡ್ಡಾಯಗೊಳಿಸಿದೆ. ‘ಶೂನ್ಯ ಬಡ್ಡಿ’ ಎಂಬ ಫಲಕವೂ ಪರೀಕ್ಷೆಗೆ ಅರ್ಹ. ನಗದು ಕೊಡುವವನಿಗೆ ಸಿಗುವ ರಿಯಾಯಿತಿಯನ್ನು ಕಂತಿನವನಿಗೆ ನಿರಾಕರಿಸಿದರೆ, ಅಥವಾ ಸಂಸ್ಕರಣಾ ಶುಲ್ಕವೆಂದು ಪಡೆದರೆ ಬಡ್ಡಿ ಹೆಸರು ಬದಲಿಸಿಕೊಂಡಿತೇ ಹೊರತು ಮಾಯವಾಗಲಿಲ್ಲ. ಇಂತಹ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಹಾಗಾದರೆ ದಾರಿಯೇನು? ಸಾಧ್ಯವಿರುವವನು ಕೂಡಿಟ್ಟು ಕೊಳ್ಳಲಿ, ಅಥವಾ ಕೈಯಲ್ಲಿರುವ ಹಣಕ್ಕೆ ಒದಗುವ ಒಳ್ಳೆಯ ಹಳೆಯ ವಾಹನವನ್ನು ಕೊಳ್ಳಲಿ. ಕಂತಿನ ಮಾರಾಟವೇ ನಿಷಿದ್ಧವಲ್ಲ. ಮಾರುವವನು ಆರಂಭದಲ್ಲಿಯೇ ಒಂದೇ ಬೆಲೆಯನ್ನು ನಿಗದಿಪಡಿಸಿ, ಅದನ್ನು ಕಂತುಗಳಲ್ಲಿ ಪಡೆಯುವುದನ್ನು, ಆ ಬೆಲೆ ನಗದಿಗಿಂತ ಹೆಚ್ಚಿದ್ದರೂ, ಬಹುತೇಕ ವಿದ್ವಾಂಸರು ಸಮ್ಮತಿಸಿದ್ದಾರೆ. ಮಹಲ್ಲಾಗಳ ಬಡ್ಡಿರಹಿತ ನಿಧಿಗಳು ದುಡಿಮೆಯ ವಾಹನಗಳಿಗೆ ಈ ಕ್ರಮದಲ್ಲಿ ನೆರವಾಗಬಹುದು. ಆದರೆ ‘ಹಲಾಲ್’ ಎಂಬ ಫಲಕವನ್ನು ಕಂಡೊಡನೆ ವಿಚಾರಣೆಯನ್ನು ಬಿಟ್ಟುಬಿಡಬಾರದು. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಆ ಫಲಕವನ್ನು ನಂಬಿ ಹಣವಿಟ್ಟ ಸಾವಿರಾರು ಕುಟುಂಬಗಳು ಬೀದಿಗೆ ಬಂದದ್ದನ್ನು ಸಮುದಾಯ ಇನ್ನೂ ಮರೆತಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಅಲ್ ಬಕರ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು ಮತ್ತು ಸಾಕ್ಷಿಗಳನ್ನು ನಿಲ್ಲಿಸುವುದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಬಾಯಿಮಾತಿನ ಭರವಸೆಯನ್ನು ಕಾಗದದ ಮೇಲೆ ಕೇಳುವುದು ಅಪನಂಬಿಕೆಯಲ್ಲ, ಅದು ದೇವಾಜ್ಞೆಯ ಪಾಲನೆ.

ಮಾರುವವನ ಪ್ರಶ್ನೆ

ಈವರೆಗೆ ಕೊಳ್ಳುವವನ ಕಡೆಯಿಂದ ಮಾತನಾಡಿದೆವು. ಮೇಜಿನ ಆಚೆ ಕುಳಿತವನೂ ನಮ್ಮ ಮನೆಯ ಮಗನೇ. ನಮ್ಮಲ್ಲಿ ಕಲಿತ ಯುವಕನೊಬ್ಬ ನಗರದ ಶೋರೂಮೊಂದರ ಮಾರಾಟ ವಿಭಾಗದಲ್ಲಿದ್ದಾನೆ. ಒಂದು ರಾತ್ರಿ ಇಶಾ ನಮಾಝಿನ ಬಳಿಕ ಎಲ್ಲರೂ ಹೋಗುವವರೆಗೆ ಕಾದಿದ್ದು, “ಉಸ್ತಾದ್, ನನ್ನ ಸಂಬಳ ಹಲಾಲೇ?” ಎಂದು ಕೇಳಿದ. ಮೂಲ ವೇತನ ಅಲ್ಪ. ತಿಂಗಳ ಗುರಿಯಲ್ಲಿ ಕಾರುಗಳ ಸಂಖ್ಯೆಯ ಜೊತೆಗೆ ಇಷ್ಟು ವಿಮೆ, ಇಷ್ಟು ಸಾಲ, ಇಷ್ಟು ಆಕ್ಸೆಸರಿ ಎಂಬ ಲೆಕ್ಕವಿದೆ. ಗುರಿ ತಪ್ಪಿದರೆ ಬೆಳಗಿನ ಸಭೆಯಲ್ಲಿ ಎಲ್ಲರೆದುರು ಅವಮಾನ. ಗಲ್ಫಿನಿಂದ ಮರಳಿದ ಹಿರಿಯರೊಬ್ಬರು ಬಾಡಿಗೆಗೆ ಓಡಿಸಲೆಂದು ಕಾರು ಕೊಳ್ಳಲು ಬಂದಿದ್ದರಂತೆ. ವಿಮೆಯನ್ನು ಇಲ್ಲಿಯೇ ಮಾಡಿಸಬೇಕೇ ಎಂದು ಅವರು ಕೇಳಿದರು, ಇವನು ಹೌದೆಂದ. “ನನ್ನ ಗಡ್ಡ ನೋಡಿ ನಂಬಿದರು ಉಸ್ತಾದ್” ಎಂದು ಹೇಳಿ ತಲೆ ತಗ್ಗಿಸಿದ.

ನಾವು ಅವನಿಗೆ ಹೇಳಿದ್ದಿಷ್ಟು. ವಾಹನ ಮಾರುವ ಕೆಲಸ ಹಲಾಲ್, ಅದರ ಕೂಲಿಯೂ ಹಲಾಲ್. ಆದರೆ ಆ ಒಂದು ‘ಹೌದು’ ಕೂಲಿಗೆ ಸೇರಿದ್ದಲ್ಲ, ಅದು ಆ ಹಿರಿಯರಿಗೆ ನೀನು ತೀರಿಸಬೇಕಾದ ಸಾಲ. ಅಲ್ಲಾಹನ ಹಕ್ಕಿನಲ್ಲಾದ ಲೋಪಕ್ಕೆ ತೌಬಾ ಸಾಕಾಗಬಹುದು. ದಾಸರ ಹಕ್ಕಿನಲ್ಲಾದ ಲೋಪವನ್ನು ಅವರ ಬಳಿಗೇ ಹೋಗಿ ಸರಿಪಡಿಸಬೇಕು. ಮರುದಿನ ಅವನು ಅವರಿಗೆ ಕರೆ ಮಾಡಿ ನಿಜ ಹೇಳಿದ. ವಾಹನ ಇನ್ನೂ ನೋಂದಣಿಯಾಗಿರಲಿಲ್ಲ, ಅವರು ಬೇರೆಡೆ ವಿಮೆ ಮಾಡಿಸಿಕೊಂಡರು. ಇವನ ಆ ತಿಂಗಳ ಇನ್ಸೆಂಟಿವ್ ಹೋಯಿತು, ವ್ಯವಸ್ಥಾಪಕರ ಅಸಮಾಧಾನ ಉಳಿಯಿತು. ಈಗಲೂ ಅವನು ಅಲ್ಲಿಯೇ ಇದ್ದಾನೆ, ಬೇರೆ ಕೆಲಸವನ್ನೂ ಹುಡುಕುತ್ತಿದ್ದಾನೆ. ಮನೆಯಲ್ಲಿ ತಾಯಿಯ ಔಷಧಿಯ ಖರ್ಚಿದೆ. ಇಂತಹವನಿಗೆ ಉಪದೇಶ ಕೊಡುವುದು ಸುಲಭ, ಅವನ ಸ್ಥಾನದಲ್ಲಿ ನಿಲ್ಲುವುದು ಸುಲಭವಲ್ಲ. ಆದುದರಿಂದ ನಮ್ಮ ಮಾತು ಅವನಿಗಿಂತ ಹೆಚ್ಚಾಗಿ ಅವನ ಮೇಲೆ ಆ ಗುರಿಯನ್ನು ಹೇರುವವರಿಗೆ ಸಲ್ಲುತ್ತದೆ. ಸುಳ್ಳು ಹೇಳದೆ ತಲುಪಲಾಗದ ಗುರಿಯನ್ನು ನಿಗದಿಪಡಿಸಿದ ಮಾಲಕ, ತಾನು ಒಂದು ಸುಳ್ಳನ್ನೂ ಆಡದೆಯೇ ನೂರು ಸುಳ್ಳುಗಳಲ್ಲಿ ಪಾಲುದಾರನಾಗುತ್ತಾನೆ.

ಇಮಾಮ್ ಅಬೂ ಹನೀಫಾ(ರ) ಕೂಫಾದ ಬಟ್ಟೆ ವ್ಯಾಪಾರಿ. ಕುಂದಿದ್ದ ಒಂದು ಬಟ್ಟೆಯ ಬಗ್ಗೆ ಗಿರಾಕಿಗೆ ತಿಳಿಸಿಯೇ ಮಾರಬೇಕೆಂದು ಅವರು ತಮ್ಮ ಪಾಲುದಾರನಿಗೆ ಹೇಳಿದ್ದರು. ಆತ ಮರೆತು ಮಾರಿಬಿಟ್ಟ, ಕೊಂಡವನ ಗುರುತೂ ಸಿಗಲಿಲ್ಲ. ಇಮಾಮರು ಆ ವ್ಯಾಪಾರದ ಹಣವನ್ನೆಲ್ಲಾ ದಾನ ಮಾಡಿಬಿಟ್ಟರು. ಕೆಳಗಿನವನು ಮಾಡಿದ ತಪ್ಪು ತನ್ನ ಗಲ್ಲಾಪೆಟ್ಟಿಗೆಗೆ ಅಂಟುತ್ತದೆಂದು ಅರಿತವರ ನಡೆಯಿದು. ಜರೀರ್ ಬಿನ್ ಅಬ್ದುಲ್ಲಾ(ರ) ಅವರದು ಇನ್ನೂ ಎತ್ತರದ ಮಾದರಿ. ಅವರಿಗಾಗಿ ಒಂದು ಕುದುರೆಯನ್ನು 300 ದಿರ್ಹಮ್‌ಗೆ ಗೊತ್ತುಪಡಿಸಲಾಗಿತ್ತು. ಕುದುರೆಯನ್ನು ನೋಡಿದ ಅವರು ಅದರ ಯೋಗ್ಯತೆ ಹೆಚ್ಚಿನದೆಂದು ಮಾರುವವನಿಗೆ ತಾವೇ ತಿಳಿಸಿ, ಬೆಲೆಯನ್ನು ಏರಿಸುತ್ತಾ ಹೋಗಿ 800 ದಿರ್ಹಮ್ ಕೊಟ್ಟರೆಂದು ವರದಿಯಾಗಿದೆ. ಪ್ರತಿಯೊಬ್ಬ ಮುಸ್ಲಿಮನಿಗೆ ಹಿತಚಿಂತಕನಾಗಿರುವೆನೆಂದು ಪ್ರವಾದಿಯವರಿಗೆ(ಸ) ಕೊಟ್ಟ ಮಾತನ್ನು ಅವರು ಕುದುರೆಯ ಸಂತೆಯಲ್ಲಿ ನೆನಪಿಟ್ಟುಕೊಂಡಿದ್ದರು.

ಕೊಳ್ಳುವವನ ಹೊಣೆ

ಅಮಾನತ್ ಇಬ್ಬರಿಗೂ ಸಮಾನ. ಹಳೆಯ ಕಾರನ್ನು ವಿನಿಮಯಕ್ಕೆ ಕೊಡುವಾಗ ಅದರ ಅಪಘಾತವನ್ನು ಮುಚ್ಚಿಡುವ ಗ್ರಾಹಕನೂ ಕೆಚ್ಚಲು ಕಟ್ಟಿದವನೇ. ಮಾರಾಟದ ಹುಡುಗನನ್ನು ಹತ್ತು ಸಲ ಮನೆಗೆ ಕರೆಸಿ, ಕೊಳ್ಳುವ ಇರಾದೆಯಿಲ್ಲದೆ ಆಸೆ ತೋರಿಸುವುದೂ ಅನ್ಯಾಯ.

ಇನ್ನೂ ಒಂದು ಮಾತು ಹೇಳದೆ ಲೇಖನ ಪೂರ್ಣವಾಗದು. ನಮ್ಮ ಮನೆಗಳಲ್ಲಿ ಎಷ್ಟೋ ಕಾರುಗಳನ್ನು ಆರಿಸುವವನು ಹಣ ಕೊಡುವವನಲ್ಲ. ವರನ ಕಡೆಯವರು ಮಾದರಿಯನ್ನೂ ಬಣ್ಣವನ್ನೂ ಸೂಚಿಸುತ್ತಾರೆ, ವಧುವಿನ ತಂದೆ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ. ಆ ತಂದೆ ಶೋರೂಮಿನಲ್ಲಿ ಚೌಕಾಶಿ ಮಾಡುವುದಾದರೂ ಹೇಗೆ? ಗ್ರಾಹಕನ ಹಕ್ಕನ್ನು ಅವನಿಂದ ಕಸಿದದ್ದು ಶೋರೂಮ್ ಅಲ್ಲ, ಅವನ ಬೀಗರು. ಮಹ್ರ್ ಕೊಟ್ಟು ವಿವಾಹವಾಗಬೇಕಾದವನು ಮಾವನ ಬಡ್ಡಿಯ ಸಾಲದ ಮೇಲೆ ಸವಾರಿ ಮಾಡುವುದಾದರೆ ಆ ವಾಹನದಲ್ಲಿ ಬರ್ಕತನ್ನು ಹುಡುಕಬಾರದು.

ಮೋಸವಾದಾಗ ಮೌನವಾಗಿರುವುದು ತಾಳ್ಮೆಯಲ್ಲ. ಮೊದಲು ಶೋರೂಮಿಗೆ ಲಿಖಿತವಾಗಿ ದೂರು ಕೊಡಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಪ್ರತಿ ಜಿಲ್ಲೆಗೂ ಗ್ರಾಹಕ ಆಯೋಗವಿದೆ. ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಪ್ರಕರಣವನ್ನು ಆಲಿಸುತ್ತದೆ. ದೂರಿಗೆ ಕಾರಣವಾದ ದಿನದಿಂದ 2 ವರ್ಷಗಳೊಳಗೆ ಹೋಗಬೇಕು, ವಕೀಲರಿಲ್ಲದೆಯೂ ಹೋಗಬಹುದು. ಬಿಲ್ಲು, ಕೊಟೇಶನ್ ಮತ್ತು ಸಂದೇಶಗಳನ್ನು ಜೋಪಾನವಾಗಿಟ್ಟವನ ಮಾತಿಗೆ ಅಲ್ಲಿ ಬೆಲೆಯಿದೆ. ಒಬ್ಬನು ತನ್ನ ಹಕ್ಕನ್ನು ಕೇಳಿದಾಗ ಅವನ ಹಿಂದೆ ಬರುವ ಹತ್ತು ಮಂದಿ ಅಕ್ಷರ ಬಾರದವರೂ ಸುರಕ್ಷಿತರಾಗುತ್ತಾರೆ. ಅದೂ ಒಂದು ಸದಕವೇ.

ಪ್ರವಾದಿ ಶುಐಬ್(ಅ) ಮದ್‌ಯನ್ ಜನತೆಗೆ ಏಕದೇವಾರಾಧನೆಯ ಜೊತೆಯಲ್ಲಿಯೇ ಸರಿಯಾದ ಅಳತೆ ಮತ್ತು ತೂಕವನ್ನು ಬೋಧಿಸಿದರು. ನಮ್ಮ ನಮಾಝಿಗೂ ನಮ್ಮ ಹಣಕ್ಕೂ ಏನು ಸಂಬಂಧವೆಂಬ ಧಾಟಿಯಲ್ಲಿ ಆ ಜನರು ಅವರನ್ನು ಅಣಕಿಸಿದರು. ಆ ಜನಾಂಗದ ಅಂತ್ಯವನ್ನು ಕುರ್‌ಆನ್ ನಮಗೆ ತಿಳಿಸಿದೆ. ತಕ್ಕಡಿಯ ಜಾಗಕ್ಕೆ ಇಂದು ಕೊಟೇಶನ್ ಹಾಳೆ ಬಂದಿದೆ. ಅದರ ಪ್ರತಿಯೊಂದು ಸಾಲೂ ಒಂದು ತೂಕದ ಕಲ್ಲು.

ಮಾರುವವರ ನಾಲಿಗೆಗೆ ಸತ್ಯವನ್ನೂ, ಕೊಳ್ಳುವವರ ಕಣ್ಣಿಗೆ ವಿವೇಕವನ್ನೂ, ನಮ್ಮೆಲ್ಲರ ಸಂಪಾದನೆ ಮತ್ತು ಸವಾರಿಗಳಿಗೆ ಬರ್ಕತನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.